ಮೊಡವೆಯ ಮದ್ದು

ಮೊಡವೆಗೆ ನಮ್ಮಲ್ಲಿ ಕಾಯಿಲೆ ಎನ್ನುವ ಮರ್ಯಾದೆ ಸಿಕ್ಕಿಲ್ಲ. ನೆಗಡಿಯಾದರೆ ಕಷಾಯ ಕಾಸಿ ಕೊಡುತ್ತೇವೆ, ಹಲ್ಲು ನೋವೆಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಮಗಳ ಮುಖದ ತುಂಬ ಮೊಡವೆ ಎದ್ದರೆ ಮಾತ್ರ “ವಯಸ್ಸಿಗೆ ಬಂದಿದ್ದಾಳೆ, ತಾನಾಗಿ ಹೋಗುತ್ತೆ ಬಿಡಿ” ಎಂದು ನಕ್ಕು ಸುಮ್ಮನಾಗುತ್ತೇವೆ. ಸುಮ್ಮನಾಗುತ್ತೇವೆ ಎಂದದ್ದೂ ಪೂರ್ತಿ ನಿಜವಲ್ಲ. ಮದ್ದು ಹೇಳದೆ ಯಾರೂ ಸುಮ್ಮನಾಗುವುದಿಲ್ಲ. ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕುಳಿತವರು, ಬಸ್ಸಿನಲ್ಲಿ ಎದುರು ನಿಂತವರು, ಹೂವು ಮಾರುವವಳು, ಗ್ಯಾಸಿನ ಸಿಲಿಂಡರು ತಂದವನು, ಎಲ್ಲರಿಗೂ ಆ ಹುಡುಗಿಯ ಮುಖದ ಮೇಲೆ ಒಂದು ಹಕ್ಕಿದೆ. ಅವಳ ಜ್ವರದ ಬಗ್ಗೆ ಮಾತಾಡಲು ಸಂಕೋಚಪಡುವವರೂ ಮೊಡವೆಯ ಬಗ್ಗೆ ಅವಳೆದುರಿಗೇ ಧಾರಾಳವಾಗಿ ಮಾತಾಡುತ್ತಾರೆ.

2019ರ ಜೂನ್‌ನಲ್ಲಿ ನನ್ನ ಅಕ್ಕನ ಮಗಳು ಎಸ್ಸೆಸ್ಸೆಲ್ಸಿ ಓದಲೆಂದು ಶಿವಮೊಗ್ಗದ ನಮ್ಮ ಮನೆಗೆ ಬಂದಳು. ಮನೆಯಲ್ಲಿ ಎಲ್ಲರಿಗೂ ಅವಳು ಪುಟ್ಟಿ. ಹದಿನೈದು ವರ್ಷ. ಬರುವಾಗಲೇ ಹಣೆಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ ಅವು ಕೆನ್ನೆಗಿಳಿದು, ಗದ್ದಕ್ಕೆ ಬಂದು, ಕೆಲವು ಕೀವಾಗಿ, ಕೆಲವು ಒಳಗೇ ಗಟ್ಟಿಯಾಗಿ ನೋವು ಕೊಡತೊಡಗಿದವು. ಚರ್ಚಾಸ್ಪರ್ಧೆಯೆಂದರೆ ಊಟ ಬಿಟ್ಟು ಓಡುತ್ತಿದ್ದ ಹುಡುಗಿ ಆ ವರ್ಷ ಹೆಸರು ಕೊಡಲಿಲ್ಲ. ಕೋಣೆಯ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದಳು. ಯಾರಾದರೂ ಬಂದರೆ ಓದುವ ನೆಪದಲ್ಲಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. “ತಾನಾಗಿ ಹೋಗುತ್ತೆ” ಎನ್ನುವವರು ಈ ಬಾಗಿಲನ್ನು ನೋಡಿರುವುದಿಲ್ಲ.

ನಾನು ಬಹಳ ವರ್ಷ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟವಳು. ಏನೇ ಎದುರು ಬಂದರೂ ಅದರ ಹಿಂದಿನ ಇಸವಿಗಳನ್ನು ಹುಡುಕುವ ಚಟ ನಿವೃತ್ತಿಯ ಮೇಲೂ ಹೋಗಿಲ್ಲ. ಈ ಮೊಡವೆಗೆ ಮದ್ದು ಯಾವಾಗ ಸಿಕ್ಕಿತು, ಯಾರು ಹುಡುಕಿದರು, ಅದಕ್ಕೆ ಮೊದಲು ಜನ ಏನು ಮಾಡುತ್ತಿದ್ದರು ಎಂದು ಓದತೊಡಗಿದೆ. ನಮ್ಮ ಮನೆಯ ಬಚ್ಚಲಿನ ಗೂಡಿನಲ್ಲಿರುವ ಬೆರಳುದ್ದದ ಟ್ಯೂಬಿನ ಹಿಂದೆ ಒಂದು ಜೈಲು ಇದೆಯೆಂದು ನನಗೆ ತಿಳಿದದ್ದು ಹಾಗೆ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಸುಶ್ರುತ ಮೊಡವೆಯನ್ನು ಸಣ್ಣ ರೋಗಗಳ ಪಟ್ಟಿಯಲ್ಲಿ ಸೇರಿಸಿದ್ದಾನೆ. ಅವನು ಕೊಟ್ಟ ಹೆಸರು ಮುಖದೂಷಿಕೆ, ಅಂದರೆ ಮುಖವನ್ನು ಕೆಡಿಸುವಂಥದ್ದು. ಅದನ್ನು ಅವನು ಬೂರುಗದ ಮರದ ಮುಳ್ಳಿಗೆ ಹೋಲಿಸುತ್ತಾನೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಳೆಯ ಬೂರುಗದ ಕಾಂಡದ ಮೇಲೆ ಬುಡ ದಪ್ಪವಾಗಿ ತುದಿ ಚೂಪಾಗಿ ಎದ್ದಿರುವ ಮುಳ್ಳುಗಳನ್ನು ಒಮ್ಮೆ ನೋಡಿದರೆ, ಎಷ್ಟು ಚೆನ್ನಾಗಿ ಕಂಡಿದ್ದಾನಪ್ಪ ಎನಿಸುತ್ತದೆ. ಇದು ಹರೆಯದವರಿಗೆ ಬರುವುದೆಂದೂ, ಕಫ, ವಾತ, ರಕ್ತ ಕೆಟ್ಟು ಹುಟ್ಟುವುದೆಂದೂ ಹೇಳಿ, ವಾಂತಿ ಮಾಡಿಸುವುದನ್ನೂ, ಬಜೆ, ಲೋಧ್ರ, ಸೈಂಧವ ಲವಣ, ಸಾಸಿವೆ ಸೇರಿಸಿ ಅರೆದು ಹಚ್ಚುವುದನ್ನೂ ಚಿಕಿತ್ಸೆಯಾಗಿ ಹೇಳುತ್ತಾನೆ. ಅತ್ತ ಕಡೆ, ಆರನೆಯ ಶತಮಾನದಲ್ಲಿ ಬೈಜಾಂಟಿಯಂನ ಆಸ್ಥಾನ ವೈದ್ಯ ಏಟಿಯಸ್ ಇದರ ಬಗ್ಗೆ ಬರೆದ. ಗ್ರೀಕಿನಲ್ಲಿ ‘ಆಕ್ಮೆ’ ಎಂದರೆ ಶಿಖರ, ಏರುಹರೆಯ. ಅದನ್ನು ನಕಲು ಮಾಡಿದವರ ಕೈತಪ್ಪಿನಿಂದ ‘ಆಕ್ನೆ’ ಆಯಿತೆಂದು ಹೇಳುವುದುಂಟು. ಇಂಗ್ಲಿಷಿನವರು ಇಂದಿಗೂ ಆ ಹೆಸರನ್ನೇ ಹೇಳುತ್ತಾರೆ.

ಇಬ್ಬರೂ ವಯಸ್ಸನ್ನು ಸರಿಯಾಗಿಯೇ ಗುರುತಿಸಿದ್ದರು. ತೊಂದರೆ ಶುರುವಾದದ್ದು ವಯಸ್ಸಿನ ಜೊತೆಗೆ ನಡತೆಯನ್ನೂ ಕಟ್ಟಿಹಾಕಿದಾಗ. 19ನೆಯ ಶತಮಾನದ ಯೂರೋಪಿನಲ್ಲಿ ಮೊಡವೆಗೆ ಕೆಟ್ಟ ಯೋಚನೆಗಳೇ ಕಾರಣವೆಂದು ನಂಬಿದ ವೈದ್ಯರಿದ್ದರು. ಮದುವೆ ಮಾಡಿದರೆ ವಾಸಿಯಾಗುತ್ತದೆಂದು ಸಲಹೆ ಕೊಟ್ಟವರೂ ಇದ್ದರು. ಇದನ್ನು ಓದಿ ನಗಬೇಕೆನಿಸಿತು, ಆದರೆ ನಗು ಬರಲಿಲ್ಲ. ಅದೇ ವಾರ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದಿದ್ದ ಒಬ್ಬ ಹಿರಿಯರು ಪುಟ್ಟಿಯ ಕೆನ್ನೆ ಹಿಡಿದು, “ಮದುವೆ ಆಗ್ಲಿ, ಎಲ್ಲ ಇಳ್ದು ಹೋಗುತ್ತೆ” ಎಂದಿದ್ದರು. ಹದಿನೈದು ವರ್ಷದ ಹುಡುಗಿಗೆ!

ನಿಜವಾಗಿ ಆಗುವುದು ಇಷ್ಟು. ಹರೆಯದಲ್ಲಿ ಹುಡುಗ ಹುಡುಗಿ ಇಬ್ಬರಲ್ಲೂ ಆಂಡ್ರೋಜೆನ್ ಎಂಬ ಹಾರ್ಮೋನುಗಳು ಏರುತ್ತವೆ. ಅವುಗಳ ಪ್ರೇರಣೆಯಿಂದ ಕೂದಲ ಬುಡದ ಜಿಡ್ಡಿನ ಗ್ರಂಥಿಗಳು ಹೆಚ್ಚು ಎಣ್ಣೆ ಸುರಿಸುತ್ತವೆ. ಅದೇ ಹೊತ್ತಿಗೆ ಆ ಸಣ್ಣ ರಂಧ್ರದ ಒಳಗೋಡೆಯ ಚರ್ಮದ ಪದರಗಳು ಉದುರಿ ಹೊರಬೀಳದೆ ಅಂಟಿಕೊಂಡು ಬಿರಡೆಯಾಗುತ್ತವೆ. ಒಳಗೆ ಸಿಕ್ಕಿಬಿದ್ದ ಜಿಡ್ಡಿನಲ್ಲಿ, ಎಲ್ಲರ ಚರ್ಮದಲ್ಲೂ ವಾಸ ಮಾಡುವ ಒಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಜರ್ಮನಿಯ ಪಾಲ್ ಉನ್ನಾ 1896ರಲ್ಲೇ ಮೊಡವೆಯೊಳಗೆ ಇದನ್ನು ಗುರುತಿಸಿದ್ದ. ದೇಹ ಅದರ ಮೇಲೆ ಜಗಳಕ್ಕೆ ನಿಂತಾಗ ಕೆಂಪು, ಬಾವು, ಕೀವು. ಕರಿಮೊಡವೆಯ ತುದಿಯ ಕಪ್ಪು ಕೊಳೆಯಲ್ಲ. ಚರ್ಮದ ಬಣ್ಣವೇ ಗಾಳಿಗೆ ಬಿದ್ದು ಕಪ್ಪಾಗಿರುತ್ತದೆ. “ಮುಖ ಸರಿಯಾಗಿ ತೊಳ್ಕೊಳೋದಿಲ್ವಾ?” ಎಂದು ಕೇಳುವವರಿಗೆ ಇದನ್ನು ಯಾರಾದರೂ ಹೇಳಬೇಕು. ಪುಟ್ಟಿ ದಿನಕ್ಕೆ ಆರು ಬಾರಿ ತೊಳೆದು ಚರ್ಮ ಒಡೆಯುವಂತೆ ಮಾಡಿಕೊಂಡಿದ್ದಳು.

ಮನೆಮದ್ದಿನ ವಿಷಯಕ್ಕೆ ಬರೋಣ. ನನ್ನ ಅಮ್ಮ ಸಾಣೇಕಲ್ಲಿನ ಮೇಲೆ ಶ್ರೀಗಂಧ ತೇಯ್ದು ಹಚ್ಚಿದರು. ಪಕ್ಕದ ಮನೆಯವರು ಜಾಯಿಕಾಯಿ ಹೇಳಿದರು. ಕಸ್ತೂರಿ ಅರಿಶಿನ, ಕಡಲೆಹಿಟ್ಟು, ಬೇವಿನ ಸೊಪ್ಪು, ಲೋಳೆಸರ, ಮುಲ್ತಾನಿ ಮಿಟ್ಟಿ, ಎಲ್ಲವೂ ಸರದಿಯಲ್ಲಿ ಬಂದವು. ಇವುಗಳ ಬಗ್ಗೆ ನನಗೆ ತಿರಸ್ಕಾರವಿಲ್ಲ. ಗಂಧ ತಂಪು ಕೊಡುತ್ತದೆ, ಅರಿಶಿನ ಬಾವನ್ನು ಸ್ವಲ್ಪ ಇಳಿಸಬಹುದು. ನಾಲ್ಕು ಗುಳ್ಳೆಯಿದ್ದ ಹುಡುಗಿಗೆ ಇಷ್ಟೇ ಸಾಕಾಗಬಹುದು. ಆದರೆ ಒಳಗಿನ ಆ ಬಿರಡೆಯನ್ನು ಬಿಡಿಸುವ ಶಕ್ತಿ ಇವಕ್ಕಿಲ್ಲ. ನಿಂಬೆರಸ ಮತ್ತು ಹಲ್ಲುಜ್ಜುವ ಪೇಸ್ಟಿನ ಬಗ್ಗೆ ಮಾತ್ರ ನಾನು ಉದಾರಿಯಲ್ಲ. ಅವು ಚರ್ಮವನ್ನು ಸುಡುತ್ತವೆ, ನಮ್ಮಂಥ ಗೋಧಿ ಬಣ್ಣ, ಎಣ್ಣೆಗಪ್ಪಿನ ಮುಖಗಳ ಮೇಲೆ ಸುಟ್ಟ ಜಾಗ ತಿಂಗಳುಗಟ್ಟಲೆ ಕಪ್ಪು ಕಲೆಯಾಗಿ ನಿಲ್ಲುತ್ತದೆ. ಇನ್ನೊಂದು ಮಾತು ಹೇಳಿದರೆ ನೀವು ಬೇಸರಿಸಬಾರದು. ತಲೆಗೆ ಹಚ್ಚುವ ಎಣ್ಣೆ ಹಣೆಗಿಳಿದು ಅಲ್ಲಿ ಗುಳ್ಳೆಯೆಬ್ಬಿಸುತ್ತದೆ. ಕೂದಲಿಗೆ ಜಿಡ್ಡಿನ ಮುಲಾಮು ಹಚ್ಚುವವರ ಹಣೆಯಲ್ಲಿ ಏಳುವ ಮೊಡವೆಯನ್ನು ಅಮೆರಿಕದ ವೈದ್ಯರು 1970ರಲ್ಲಿ ಬೇರೆಯೇ ಹೆಸರಿಟ್ಟು ವಿವರಿಸಿದರು. ದಿನಾ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿ ಕಳಿಸುವ ನಮ್ಮ ಅಜ್ಜಿಯಂದಿರಿಗೆ ಇದನ್ನು ಹೇಳಿ ಗೆಲ್ಲುವುದು ಸುಲಭವಲ್ಲ.

ಹೊರದೇಶದ ಡಾಕ್ಟರುಗಳೂ ಶತಮಾನ ಕಾಲ ನಮ್ಮ ಅಜ್ಜಿಯರಿಗಿಂತ ಬಹಳ ಮುಂದೇನೂ ಇರಲಿಲ್ಲ. ಅವರ ಕೈಯಲ್ಲಿ ಗಂಧಕವಿತ್ತು. ಅದರಿಂದ ಸ್ವಲ್ಪ ಗುಣವಾಗುತ್ತಿತ್ತು, ವಾಸನೆ ಬೋನಸ್ಸು. ಆಮೇಲೆ ಎಕ್ಸ್‌ರೇ ಬಂತು. 1895ರಲ್ಲಿ ರಂಟ್ಜನ್ ಅದನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ಚರ್ಮರೋಗಗಳ ಮೇಲೆ ಅದರ ಪ್ರಯೋಗ ಶುರುವಾಯಿತು. ಮೊಡವೆ ಒಣಗುವುದು ನಿಜವಾಗಿತ್ತು. ಹಾಗಾಗಿ 1950ರ ದಶಕ ದಾಟುವವರೆಗೂ ಎಷ್ಟೋ ಹದಿಹರೆಯದವರ ಮುಖಕ್ಕೆ ವಾರವಾರ ಎಕ್ಸ್‌ರೇ ಬಿಟ್ಟರು. ಅವರಲ್ಲಿ ಕೆಲವರಿಗೆ ಹತ್ತಾರು ವರ್ಷಗಳ ಮೇಲೆ ಥೈರಾಯ್ಡಿನ ಕ್ಯಾನ್ಸರು, ಚರ್ಮದ ಕ್ಯಾನ್ಸರು ಬಂತು. ಅವರನ್ನು ಕರೆದುಕೊಂಡು ಹೋದ ತಾಯಂದಿರನ್ನು ನೆನೆಯುತ್ತೇನೆ. ಒಳ್ಳೆಯ ಡಾಕ್ಟರು, ಹೊಸ ಯಂತ್ರ, ಮಗಳ ಮುಖ ತಿಳಿಯಾಯಿತು. ಅವರು ಇನ್ನೇನು ತಿಳಿಯಲು ಸಾಧ್ಯವಿತ್ತು?

1950ರ ದಶಕದಿಂದ ಟೆಟ್ರಾಸೈಕ್ಲಿನ್‌ನಂಥ ಆಂಟಿಬಯಾಟಿಕ್ ಮಾತ್ರೆಗಳು ಬಂದವು. ಬಾವು, ಕೀವು ಇಳಿದವು. ಆದರೆ ಬ್ಯಾಕ್ಟೀರಿಯಾಗಳು ಕಾಲಕ್ರಮೇಣ ಆ ಮದ್ದಿಗೆ ಬಗ್ಗದಂತಾದವು. ಬೆಂಜಾಯಿಲ್ ಪೆರಾಕ್ಸೈಡ್ ಎಂಬ ಇನ್ನೊಂದು ಮದ್ದಿಗೆ ಆ ಕಷ್ಟವಿಲ್ಲ, ಅದು ಆಮ್ಲಜನಕದಿಂದ ಕೊಲ್ಲುವಂಥದ್ದು. ಅದರ ಒಂದು ಕೆಟ್ಟ ಗುಣ, ಬಟ್ಟೆಯ ಬಣ್ಣ ತಿನ್ನುವುದು.

ಈಗ ಆ ಜೈಲಿನ ಕಥೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಹೋಮ್ಸ್‌ಬರ್ಗ್ ಎಂಬ ಜೈಲು ಇತ್ತು. 1951ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಅಲ್ಲಿ ಕಾಲಿಟ್ಟರು. ಅವರ ಕಣ್ಣಿಗೆ ಬಿದ್ದದ್ದು ನೂರಾರು ಕೈದಿಗಳ ಚರ್ಮ. ಅಲ್ಲಿಂದ 1974ರವರೆಗೆ ಆ ಜೈಲು ಔಷಧ ಕಂಪನಿಗಳ, ಸೌಂದರ್ಯವರ್ಧಕ ತಯಾರಕರ, ಸೈನ್ಯದ ಪ್ರಯೋಗಶಾಲೆಯಾಯಿತು. ಕೈದಿಗಳ ಬೆನ್ನಿನ ಮೇಲೆ ಚೌಕ ಚೌಕವಾಗಿ ಪಟ್ಟಿ ಅಂಟಿಸಿ ಕ್ರೀಮು, ಲೋಷನ್ನು, ರಾಸಾಯನಿಕಗಳನ್ನು ಪರೀಕ್ಷಿಸುತ್ತಿದ್ದರು. 1960ರ ದಶಕದ ಮಧ್ಯದಲ್ಲಿ ಡೌ ಕಂಪನಿಗಾಗಿ ಡಯಾಕ್ಸಿನ್ ಎಂಬ ವಿಷವನ್ನೂ ಹಚ್ಚಿ ನೋಡಿದರು. ಅದು ಮೈಮೇಲೆ ಮೊಡವೆಯಂಥದೇ ಗುಳ್ಳೆಗಳನ್ನು ಎಬ್ಬಿಸುವ ವಿಷ. ಕೈದಿಗಳಿಗೆ ಸಿಕ್ಕಿದ್ದು ಕೆಲವೇ ಡಾಲರು. ಜೈಲಿನ ಬೇರೆ ಕೆಲಸಕ್ಕೆ ಸಿಗುತ್ತಿದ್ದ ಚಿಲ್ಲರೆಗಿಂತ ಅದು ಹೆಚ್ಚು, ಹಾಗಾಗಿ ಒಪ್ಪುತ್ತಿದ್ದರು. ಅವರಲ್ಲಿ ಬಹಳ ಮಂದಿ ಕಪ್ಪು ಜನ. ಎಷ್ಟೋ ಜನ ವಿಚಾರಣೆಯೇ ಆಗದೆ, ಜಾಮೀನಿಗೆ ಹಣವಿಲ್ಲದೆ ಒಳಗಿದ್ದವರು. ಮೈಮೇಲೆ ಏನು ಹಚ್ಚುತ್ತಿದ್ದಾರೆಂದು ಅವರಿಗೆ ಸರಿಯಾಗಿ ಯಾರೂ ಹೇಳಲಿಲ್ಲ.

ಇದೇ ಕ್ಲಿಗ್‌ಮನ್, ಫುಲ್ಟನ್ ಮತ್ತು ಪ್ಲೆವಿಗ್ ಎಂಬ ಸಂಗಡಿಗರೊಂದಿಗೆ 1969ರಲ್ಲಿ ಒಂದು ಲೇಖನ ಪ್ರಕಟಿಸಿದರು. ಎ ಜೀವಸತ್ವದಿಂದ ಬಂದ ಟ್ರೆಟಿನಾಯಿನ್ ಎಂಬ ಆಮ್ಲವನ್ನು ಮುಖಕ್ಕೆ ಹಚ್ಚಿದರೆ ಮೊಡವೆಯ ಬಿರಡೆ ಕಟ್ಟುವುದೇ ನಿಲ್ಲುತ್ತದೆ ಎಂಬುದು ಅದರ ಸಾರ. ಗುಳ್ಳೆ ಎದ್ದ ಮೇಲೆ ಒಣಗಿಸುವ ಮದ್ದುಗಳ ನಡುವೆ, ಏಳುವ ಮೊದಲೇ ತಡೆಯುವ ಮದ್ದು ಅದು. 1971ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ಇಂದು ಮೊಡವೆಗೆ ಡಾಕ್ಟರು ಬರೆಯುವ ಅಡಪಲೀನ್ ಮೊದಲಾದವು ಅದರದೇ ಒಕ್ಕಲು. ಆ ಟ್ರೆಟಿನಾಯಿನ್ ಸಹ ಹೋಮ್ಸ್‌ಬರ್ಗಿನ ಕೈದಿಗಳ ಮೈಮೇಲೆ ಪರೀಕ್ಷೆಯಾಗಿತ್ತು. ಅಲೆನ್ ಹಾರ್ನ್‌ಬ್ಲಮ್ ಎಂಬುವರು 1998ರಲ್ಲಿ ಪುಸ್ತಕ ಬರೆದ ಮೇಲೆ ಈ ಕಥೆಯೆಲ್ಲ ಜನಕ್ಕೆ ಗೊತ್ತಾಯಿತು. 2000ದಲ್ಲಿ ಸುಮಾರು 300 ಮಂದಿ ಮಾಜಿ ಕೈದಿಗಳು ದಾವೆ ಹೂಡಿದರು. ಕಾಲಾವಧಿ ಮೀರಿದೆಯೆಂದು ಅದು ವಜಾ ಆಯಿತು. ಕ್ಲಿಗ್‌ಮನ್ 2010ರಲ್ಲಿ ತೀರಿಕೊಂಡರು. ವಿಶ್ವವಿದ್ಯಾಲಯದ ವೈದ್ಯಶಾಲೆ 2021ರಲ್ಲಿ, ಫಿಲಡೆಲ್ಫಿಯಾ ನಗರ 2022ರಲ್ಲಿ ಕ್ಷಮೆ ಕೇಳಿದವು.

ಇದನ್ನು ನಾನು ಪುಟ್ಟಿಗೆ ಹೇಳಿದೆ. ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿಯೇ ಹೇಳಿದ್ದು. ಕೇಳಿದವಳು, “ಹಾಗಾದ್ರೆ ಅದನ್ನ ಹಚ್ಕೋಬಾರ್ದಾ ಚಿಕ್ಕಮ್ಮ?” ಎಂದಳು. ಹಚ್ಚಿಕೊಳ್ಳದೆ ಬಿಟ್ಟರೆ ಆ ಬೆನ್ನುಗಳ ಕಲೆ ಅಳಿಯುವುದಿಲ್ಲವಲ್ಲ, ಹಚ್ಚಿಕೋ, ಆದರೆ ತಿಳಿದು ಹಚ್ಚಿಕೋ ಎಂದೆ. ನನಗೆ ತೋಚಿದ್ದು ಅಷ್ಟು. ನಿಮಗೆ ಬೇರೆ ಉತ್ತರ ತೋಚಬಹುದು.

ತಿನ್ನುವ ವಿಷಯದಲ್ಲೂ ಇದೇ ಮೂವರ ಕೈವಾಡವಿದೆ. ಚಾಕಲೇಟಿನಿಂದ ಮೊಡವೆ ಬರುವುದಿಲ್ಲವೆಂದು 1969ರಲ್ಲೇ ಅವರು 65 ಮಂದಿಗೆ ತಿನ್ನಿಸಿ ಸಾರಿದರು. ಅವರಲ್ಲೂ ಕೈದಿಗಳಿದ್ದರು. ಆದರೆ ಹೋಲಿಕೆಗೆಂದು ಕೊಟ್ಟ ಚಾಕಲೇಟಿಲ್ಲದ ಮಿಠಾಯಿಯಲ್ಲಿಯೂ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತೆಂದು ಆಮೇಲೆ ಟೀಕೆ ಬಂತು. ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದಲ್ಲಿ 1200 ಜನರನ್ನು ನೋಡಿದರೂ ಒಂದು ಮೊಡವೆ ಸಿಗಲಿಲ್ಲವೆಂದು 2002ರಲ್ಲಿ ವರದಿಯಾಯಿತು. ಅವರದು ಗೆಡ್ಡೆಗೆಣಸು, ಹಣ್ಣು, ಮೀನು, ತೆಂಗಿನಕಾಯಿಯ ಊಟ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ 43 ಯುವಕರಿಗೆ ಹನ್ನೆರಡು ವಾರ ಸಕ್ಕರೆ, ಮೈದಾ ಕಡಿಮೆಯಿರುವ ಊಟ ಕೊಟ್ಟು ನೋಡಿದಾಗ ಹಾಗೆ ಉಂಡವರ ಗುಳ್ಳೆಗಳು ಹೆಚ್ಚು ಇಳಿದವು. ಆದ್ದರಿಂದ ಬೇಕರಿ ತಿಂಡಿ ಕಡಿಮೆ ಮಾಡಿದರೆ ನಷ್ಟವಿಲ್ಲ. ಆದರೆ ಒಂದು ಚಕ್ಕುಲಿ ತಿಂದದ್ದಕ್ಕೆ ಹುಡುಗಿಯನ್ನು ಅಪರಾಧಿಯಂತೆ ನೋಡುವುದು ಬೇಡ.

ಮಾತ್ರೆಯ ಬಗ್ಗೆ ಹೆಣ್ಣುಮಕ್ಕಳ ತಾಯಂದಿರಿಗೆ ಒತ್ತಿ ಹೇಳಬೇಕಾದದ್ದಿದೆ. 1979ರಲ್ಲಿ ಅಮೆರಿಕದಲ್ಲಿ ಗ್ಯಾರಿ ಪೆಕ್ ಮತ್ತು ಸಂಗಡಿಗರು, ಯಾವ ಮದ್ದಿಗೂ ಬಗ್ಗದ ಗಂಟುಮೊಡವೆಯ 14 ಮಂದಿಗೆ ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ಕೊಟ್ಟರು. 13 ಮಂದಿಯ ಮುಖ ಪೂರ್ತಿ ತಿಳಿಯಾಯಿತು. 1982ರಲ್ಲಿ ಅದು ಮಾರುಕಟ್ಟೆಗೆ ಬಂತು. ಆದರೆ ಬಸುರಿಯ ಹೊಟ್ಟೆ ಸೇರಿದರೆ ಅದು ಮಗುವಿಗೆ ಘೋರ. 1985ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಈ ಮಾತ್ರೆ ನುಂಗಿದ್ದ 154 ಬಸಿರುಗಳಲ್ಲಿ 95ನ್ನು ತೆಗೆಸಲಾಗಿತ್ತು, 12 ತಾವಾಗಿ ಹೋಗಿದ್ದವು. ಹುಟ್ಟಿದ 47 ಮಕ್ಕಳಲ್ಲಿ 21 ಮಕ್ಕಳಿಗೆ ಅಂಗವೈಕಲ್ಯವಿತ್ತು. ಕಿವಿ, ಹೃದಯ, ಮಿದುಳು ಎಲ್ಲ. ನಿಲ್ಲಿಸಿ ಕನಿಷ್ಠ ಒಂದು ತಿಂಗಳಾಗುವವರೆಗೆ ಬಸುರಾಗಕೂಡದು. ಇದು ಅದ್ಭುತವಾದ ಮದ್ದೂ ಹೌದು. ಮುಖದಲ್ಲಿ ಗುಳಿ ಬೀಳುವ ಮೊಡವೆಗೆ ಇದರಷ್ಟು ಕೆಲಸ ಮಾಡುವುದು ಇನ್ನೊಂದಿಲ್ಲ. ಆದರೆ ನಮ್ಮ ಕಡೆ ಮೊಡವೆಯ ನೆನಪಾಗುವುದೇ ಹುಡುಗಿಗೆ ಗಂಡು ಗೊತ್ತಾದಾಗ. ಮದುವೆಯ ಹೊತ್ತಿಗೆ ಮುಖ ಹೊಳೆಯಲೆಂದು ಯಾರೋ ಗೆಳತಿಯ ಮಾತ್ರೆಯ ಹಾಳೆಯನ್ನು ಹಂಚಿಕೊಳ್ಳುವುದು, ಮದುವೆಯಾದ ತಿಂಗಳಿಗೇ ಎಲ್ಲರೂ ಸಿಹಿಸುದ್ದಿ ಕೇಳುವುದು, ಇವೆರಡೂ ಒಂದೇ ಮನೆಯಲ್ಲಿ ನಡೆಯುತ್ತವೆ. ಡಾಕ್ಟರಿಲ್ಲದೆ, ರಕ್ತಪರೀಕ್ಷೆಯಿಲ್ಲದೆ ಈ ಮಾತ್ರೆಯನ್ನು ಮುಟ್ಟಬಾರದು. ಹಾಗೆಯೇ ಮೊಡವೆಯ ಜೊತೆಗೆ ಮುಟ್ಟು ಏರುಪೇರಾಗಿ, ಗದ್ದದಲ್ಲಿ ಕೂದಲೂ ಬರುತ್ತಿದ್ದರೆ ಅಂಡಾಶಯದ ತೊಂದರೆಯಿರಬಹುದು. ಅದನ್ನು ಮುಲಾಮು ಹಚ್ಚಿ ಮುಚ್ಚಬಾರದು.

ನಮ್ಮ ಪೇಟೆಗಳ ದೊಡ್ಡ ಪೀಡೆ ಮಾತ್ರ ಇದಾವುದೂ ಅಲ್ಲ, ಸ್ಟೀರಾಯ್ಡ್ ಇರುವ ಕ್ರೀಮು. ಚರ್ಮದ ಕೆಲವು ರೋಗಗಳಿಗೆ ಅದು ಒಳ್ಳೆಯ ಔಷಧವೇ. ಆದರೆ ಮುಖಕ್ಕೆ ಹಚ್ಚಿದರೆ ನಾಲ್ಕು ದಿನದಲ್ಲಿ ಕೆಂಪು ಇಳಿದು ಬಣ್ಣ ತಿಳಿಯಾಗುವುದರಿಂದ ಜನ ಅದನ್ನು ಮೊಡವೆಗೂ ಹಚ್ಚುತ್ತಾರೆ, ಬೆಳ್ಳಗಾಗಲೂ ಹಚ್ಚುತ್ತಾರೆ. ಹಚ್ಚುತ್ತ ಹೋದಂತೆ ಚರ್ಮ ತೆಳುವಾಗಿ, ರಕ್ತನಾಳ ಕಾಣಿಸಿ, ಬಿಸಿಲಿಗೆ ಉರಿದು, ಹೊಸ ಮೊಡವೆಗಳು ಏಳುತ್ತವೆ. ನಿಲ್ಲಿಸಿದರೆ ಮುಖ ಕೆಂಡವಾಗುತ್ತದೆ, ಮತ್ತೆ ಹಚ್ಚಬೇಕಾಗುತ್ತದೆ. 2011ರಲ್ಲಿ ಪ್ರಕಟವಾದ ನಮ್ಮ ದೇಶದ ಒಂದು ಅಧ್ಯಯನದಲ್ಲಿ, ಮುಖದ ತೊಂದರೆಯೆಂದು ಚರ್ಮವೈದ್ಯರಲ್ಲಿಗೆ ಬಂದ 2926 ಮಂದಿಯಲ್ಲಿ 433 ಮಂದಿ ಇಂಥ ಕ್ರೀಮು ಹಚ್ಚುತ್ತಿದ್ದರು. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶ ಹೊರಡಿಸಿತು. ಆದೇಶ ಬಂದು ವರ್ಷ ದಾಟಿದ ಮೇಲೂ ಪುಟ್ಟಿ ಶಾಲೆಯಿಂದ ಬರುವಾಗ ಗೆಳತಿಯೊಡನೆ ಒಂದು ಔಷಧದ ಅಂಗಡಿಗೆ ಹೋಗಿ “ಅಣ್ಣ, ಮೊಡವೆಗೆ ಏನಾದ್ರೂ ಕೊಡಿ” ಎಂದಾಗ ಅವನು ಚೀಟಿ ಕೇಳಲಿಲ್ಲ, ಟ್ಯೂಬು ಕೊಟ್ಟ. ಎರಡು ವಾರ ಅವಳ ಮುಖ ಮಿಂಚಿತು. ಮನೆಗೆ ಬಂದವರೆಲ್ಲ ಹೊಗಳಿದರು. ಡಿಸೆಂಬರಿನ ಹೊತ್ತಿಗೆ ಕೆನ್ನೆ ಮುಟ್ಟಿದರೆ ಬಿಸಿ, ಗದ್ದದ ತುಂಬ ಒಂದೇ ಅಳತೆಯ ಕೆಂಪು ಗುಳ್ಳೆಗಳು.

ಚರ್ಮದ ಡಾಕ್ಟರಮ್ಮ ಟ್ಯೂಬಿನ ಹೆಸರು ಓದಿ ನಿಟ್ಟುಸಿರಿಟ್ಟರು. ಪುಟ್ಟಿಯನ್ನು ಬೈಯಲಿಲ್ಲ. ಮೊದಲು ಅದನ್ನು ಬಿಡಿಸಿದರು. ಆ ಹದಿನೈದು ಇಪ್ಪತ್ತು ದಿನ ನೋಡುವ ನಮಗೇ ಕಷ್ಟವಾಗಿತ್ತು. ಚರ್ಮ ಸ್ವಲ್ಪ ಸಮಾಧಾನಕ್ಕೆ ಬಂದ ಮೇಲೆ ಅಡಪಲೀನ್ ಮತ್ತು ಬೆಂಜಾಯಿಲ್ ಪೆರಾಕ್ಸೈಡ್ ಸೇರಿದ ಜೆಲ್ ಬರೆದರು. ರಾತ್ರಿ ಮುಖ ತೊಳೆದು ಒಣಗಿದ ಮೇಲೆ, ಇಡೀ ಮುಖಕ್ಕೆ ಸೇರಿ ಒಂದು ಬಟಾಣಿ ಕಾಳಿನಷ್ಟು. ಗುಳ್ಳೆಯ ಮೇಲೆ ಮಾತ್ರ ಚುಕ್ಕೆ ಇಡುವುದಲ್ಲ, ಏಳದ ಮೊಡವೆಗೂ ಸೇರಿಸಿ ಹಚ್ಚುವುದು. ಮೊದಲು ದಿನ ಬಿಟ್ಟು ದಿನ. ಬೆಳಿಗ್ಗೆ ಬಿಸಿಲಿಗೆ ಸನ್‌ಸ್ಕ್ರೀನ್. ತಲೆಗೆ ಎಣ್ಣೆ ಸ್ನಾನದ ದಿನ ಮಾತ್ರ. “ಮೊದಲ ಮೂರು ನಾಲ್ಕು ವಾರ ಒಣಗುತ್ತೆ, ಸಿಪ್ಪೆ ಏಳುತ್ತೆ, ಗುಳ್ಳೆ ಜಾಸ್ತಿಯಾದ ಹಾಗೂ ಕಾಣುತ್ತೆ. ಆಗಲೇ ಎಲ್ಲರೂ ಬಿಟ್ಟುಬಿಡೋದು. ಹನ್ನೆರಡು ವಾರ ಆಗೋವರೆಗೆ ನನ್ನ ಹತ್ರ ಫಲ ಕೇಳಬೇಡಿ” ಎಂದರು. ಆ ಮಾತನ್ನು ಪುಟ್ಟಿ ಕ್ಯಾಲೆಂಡರಿನ ಮೇಲೆ ಬರೆದು ಅಂಟಿಸಿದಳು.

2020ರ ಮಾರ್ಚಿನಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಿತು, ಪರೀಕ್ಷೆ ಜೂನಿಗೆ ಹೋಯಿತು. ಪುಟ್ಟಿಗೆ ಅದು ಅನುಕೂಲವೇ ಆಯಿತು. ಯಾರೂ ಮನೆಗೆ ಬರುತ್ತಿರಲಿಲ್ಲ, ಯಾರೂ ಮದ್ದು ಹೇಳುತ್ತಿರಲಿಲ್ಲ. ಏಪ್ರಿಲ್ ಕೊನೆಗೆ ಹೊಸ ಗುಳ್ಳೆಗಳು ಏಳುವುದು ನಿಂತಿತು. ಕಲೆಗಳು ತಿಳಿಯಾಗಲು ಇನ್ನೂ ಆರೇಳು ತಿಂಗಳು ಬೇಕಾಯಿತು. ಎಡಗೆನ್ನೆಯ ಎರಡು ಸಣ್ಣ ಗುಳಿಗಳು ಹಾಗೇ ಇವೆ. ಪರೀಕ್ಷೆಯ ದಿನ ಬೆಳಿಗ್ಗೆ ಮಾಸ್ಕು ಕಟ್ಟಿಕೊಳ್ಳುವ ಮೊದಲು ಅವಳು ಕನ್ನಡಿಯ ಮುಂದೆ ನಿಂತದ್ದನ್ನು ನೋಡಿದೆ, ಕಂಡೂ ಕಾಣದವಳಂತೆ ಅಡಿಗೆಮನೆಗೆ ಹೋದೆ.

ಪಿಯುಸಿಯಲ್ಲಿ ಮತ್ತೆ ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಳು. ವಾರಕ್ಕೆರಡು ರಾತ್ರಿ ಜೆಲ್ ಹಚ್ಚುವುದನ್ನು ಮುಂದುವರಿಸಿದ್ದಳು, ನಿಲ್ಲಿಸಿದರೆ ಮತ್ತೆ ಬರಬಹುದೆಂದು ಡಾಕ್ಟರಮ್ಮ ಹೇಳಿದ್ದರು. ನಮ್ಮ ಮನೆಯ ನೀಲಿ ಟವೆಲುಗಳಲ್ಲೂ ದಿಂಬಿನ ಚೀಲಗಳಲ್ಲೂ ಅಲ್ಲಲ್ಲಿ ಬಿಳಿ ಮಚ್ಚೆಗಳಿವೆ. ಅಮ್ಮ ಅದನ್ನು ನೋಡಿ, “ಬಟ್ಟೆಯನ್ನೇ ಹೀಗೆ ಮಾಡೋದು ಮುಖಕ್ಕೆ ಏನು ಮಾಡೀತೋ” ಎಂದು ಎಷ್ಟೋ ದಿನ ಗೊಣಗಿದರು. ಈಚೆಗೆ ಅವರೇ ಒಂದು ರಾಜಿಗೆ ಬಂದಿದ್ದಾರೆ. ಪುಟ್ಟಿ ರಜೆಗೆ ಬಂದ ದಿನ ಸಾಣೇಕಲ್ಲು ತೆಗೆದು ಕುಳಿತು, “ಡಾಕ್ಟರ ಮುಲಾಮು ರಾತ್ರಿಗೆ ತಾನೆ, ಹಗಲಿಗೆ ಇದಿರ್ಲಿ” ಎಂದು ಗಂಧ ತೇಯುತ್ತಾರೆ. ಡಾಕ್ಟರಮ್ಮನನ್ನು ಕೇಳಿದೆ. ಉರಿ ಬರದಿದ್ದರೆ ಹಚ್ಚಲಿ ಎಂದರು.